ತೆಂಗಿನ ಹಾಲು ಕುದಿಸಬಾರದು ಅಂದವರು ಯಾರು?

ಪ್ರಶ್ನೆ: ಡಬ್ಬಿ ತೆಂಗಿನ ಹಾಲು, ಥಾಯ್ ಕರ್ರಿ ಪೇಸ್ಟ್ ಹಾಕಿ ದಿಢೀರ್ ಸೂಪ್ ಮಾಡಿ, ಅದರಲ್ಲೇ ಡಂಪ್ಲಿಂಗ್ (ಹೂರಣ ತುಂಬಿದ ಹಿಟ್ಟಿನ ಕಡುಬು) ಬೇಯಿಸಿದೆ. ಪೂರ್ತಿ ವೀಗನ್, ಅಂದರೆ ಹಾಲು, ಮೊಟ್ಟೆ, ಮೀನು, ಮಾಂಸ ಯಾವುದೂ ಇಲ್ಲ. ಕುದಿ ಜೋರಾದ ಮೇಲೆ ನೋಡಿದರೆ ಮೇಲೆಲ್ಲ ಎಣ್ಣೆ, ಕೆಳಗೆ ಬಿಳಿ ಚೂರು. ತೆಂಗಿನ ಹಾಲನ್ನು ಕುದಿಸಲೇಬಾರದು ಅಂತಾರೆ. ಕುದಿಸದೆ ಡಂಪ್ಲಿಂಗ್ ಬೇಯೋದು ಹೇಗೆ? ಒಡೆದ ಸೂಪ್ ಚೆಲ್ಲಬೇಕಾ?

ಚೆಲ್ಲಬೇಡಿ. ಆ ಸೂಪ್‌ಗೆ ಏನೂ ಆಗಿಲ್ಲ. ಬಟ್ಟಲಿಗೆ ಹಾಕಿಕೊಂಡು ಬಿಸಿ ಇರುವಾಗಲೇ ತಿನ್ನಿ, ತಿನ್ನುತ್ತಾ ಮುಂದೆ ಓದಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಟ್ಟಿಲ್ಲ. ಒಬ್ಬರ ಸೂಪ್‌ನಲ್ಲಿ ಡಂಪ್ಲಿಂಗ್ ಇರುತ್ತದೆ, ಇನ್ನೊಬ್ಬರದ್ದರಲ್ಲಿ ನೂಡಲ್ಸ್, ಮತ್ತೊಬ್ಬರದ್ದರಲ್ಲಿ ತೋಫು. ಕೊನೆಯ ಸಾಲು ಮಾತ್ರ ಎಲ್ಲರದ್ದೂ ಒಂದೇ: ಕುದಿಸಬಾರದಂತೆ, ಹೌದಾ? ಇವತ್ತು ಅದನ್ನು ಬುಡಸಮೇತ ಕಿತ್ತು ಹಾಕೋಣ.

ಹಸುವಿನ ಹಾಲು ಕಾಯಿಸುವಾಗ ಒಡೆದರೆ ಅದು ಕೆಟ್ಟಿದೆ ಅಂತ ಲೆಕ್ಕ. ಅಲ್ಲಿ ಬ್ಯಾಕ್ಟೀರಿಯಾಗಳು ಆಗಲೇ ಹುಳಿ ಮಾಡಿಟ್ಟಿರುತ್ತವೆ, ಬಿಸಿ ತಾಗಿದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಆ ಭಯವನ್ನೇ ತಂದು ತೆಂಗಿನ ಹಾಲಿನ ತಲೆಗೆ ಕಟ್ಟಿದ್ದೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಕೇಳಿಕೊಂಡೇ ಬೆಳೆದಿದ್ದೇವೆ, ಅಲ್ವಾ? ಒಲೆ ಮುಂದೆ ನಿಂತಾಗ ಮಾತ್ರ ಅದು ನೆನಪಾಗುವುದಿಲ್ಲ.

ತೆಂಗಿನ ಹಾಲು ಅಂದರೆ ನೀರಿನಲ್ಲಿ ಚದುರಿ ನಿಂತ ಕೊಬ್ಬಿನ ಹನಿಗಳು. ಎಣ್ಣೆ, ನೀರು ತಾವಾಗಿ ಬೆರೆಯುವುದಿಲ್ಲ. ಇಲ್ಲಿ ಬೆರೆತಂತೆ ಕಾಣುವುದು ಕಾಯಿಯಲ್ಲೇ ಇರುವ ಪ್ರೋಟೀನಿನಿಂದ. ಅದು ಪ್ರತಿ ಹನಿಯ ಸುತ್ತ ತೆಳುವಾಗಿ ಕೂತು, ಒಂದು ಹನಿ ಇನ್ನೊಂದಕ್ಕೆ ಸೇರದಂತೆ ತಡೆಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಈ ಪ್ರೋಟೀನು ಬೆಂದು ಗಟ್ಟಿಯಾಗತೊಡಗುತ್ತದೆ. ಕಾವಲು ಸಡಿಲವಾಗುತ್ತದೆ. ಅದರ ಮೇಲೆ ಜೋರು ಕುದಿ ಬೇರೆ. ಹನಿಗಳು ಡಿಕ್ಕಿ ಹೊಡೆದು, ಸೇರಿ, ದೊಡ್ಡದಾಗಿ, ಎಣ್ಣೆಯಾಗಿ ಮೇಲೆ ಬರುತ್ತವೆ. ನೀವು ಕಂಡ ಬಿಳಿ ಚೂರು ಬೆಂದ ಪ್ರೋಟೀನು. ವಿಷವೂ ಅಲ್ಲ, ಹಳಸಿದ್ದೂ ಅಲ್ಲ. ನೋಟ ಕೆಟ್ಟಿದೆ, ಅಷ್ಟೇ.

ಡಬ್ಬಿ ಹಾಲಿನ ವಿಷಯದಲ್ಲಂತೂ ಈ ನಂಬಿಕೆ ಇನ್ನೂ ತಮಾಷೆ. ತಿಂಗಳುಗಟ್ಟಲೆ ಕೆಡದಿರಲಿ ಅಂತ, ಡಬ್ಬಿ ಮುಚ್ಚಿದ ಮೇಲೆ ಅದನ್ನು ಒತ್ತಡದಲ್ಲಿ 100 ಡಿಗ್ರಿಗಿಂತ ಸಾಕಷ್ಟು ಮೇಲಕ್ಕೆ ಕಾಯಿಸಿರುತ್ತಾರೆ. ನಿಮ್ಮ ತೆರೆದ ಪಾತ್ರೆ ಯಾವತ್ತೂ ಮುಟ್ಟದ ಬಿಸಿಯನ್ನು ಅದು ಆಗಲೇ ಕಂಡು ಬಂದಿದೆ. ಅದಕ್ಕೆ ಕುದಿ ತೋರಿಸಲು ಹೆದರುತ್ತಿದ್ದೀರಿ! ಜೊತೆಗೆ ಎಷ್ಟೋ ಡಬ್ಬಿಗಳಲ್ಲಿ ಗ್ವಾರ್ ಗಮ್, ಕ್ಸಾಂಥನ್ ಗಮ್ ಥರದ ಮಂದ ಮಾಡುವ ಅಂಟು ಏನಾದರೊಂದು ಇರುತ್ತದೆ, ಕೊಬ್ಬು ಬೇರೆಯಾಗದಿರಲಿ ಅಂತ. ಇಂಥ ಕೆಲವು ಹಾಲು, ಒಡೆ ಮಹರಾಯ ಅಂತ ಬೇಡಿಕೊಂಡರೂ ಒಡೆಯುವುದಿಲ್ಲ.

ಬೇಡಿಕೊಳ್ಳುವುದು ಯಾಕೆ ಅಂದಿರಾ? ಥಾಯ್ ಕರ್ರಿ ಮಾಡುವವರು ಎಷ್ಟೋ ಕಡೆ ಬೇಕಂತಲೇ ಒಡೆಸುತ್ತಾರೆ. ಡಬ್ಬಿಯ ಮೇಲಿನ ಗಟ್ಟಿ ಕೆನೆಯನ್ನು ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸುತ್ತಾ ಹೋಗಿ. ಮೊದಲು ಅದು ಗಂಜಿಯ ಹಾಗೆ ಕೊತಕೊತ ಅನ್ನುತ್ತದೆ. ನೀರು ಆರುತ್ತಾ ಬಂದ ಹಾಗೆ ಗುಳ್ಳೆಗಳು ಸಣ್ಣದಾಗುತ್ತವೆ, ಸದ್ದು ಚಟಪಟಕ್ಕೆ ತಿರುಗುತ್ತದೆ. ಸೌಟಿನಿಂದ ಗೆರೆ ಎಳೆದರೆ ತಳದಲ್ಲಿ ತಿಳಿ ಎಣ್ಣೆ ಮಿನುಗುತ್ತದೆ. ಪೇಸ್ಟ್ ಹಾಕಬೇಕಾದ ಹೊತ್ತು ಅದೇ. ಎರಡು ಮೂರು ನಿಮಿಷ ಹುರಿದರೆ ಹಸಿ ವಾಸನೆ ಹೋಗಿ, ಅಂಚಿನಲ್ಲಿ ಕೆಂಪೆಣ್ಣೆ ಬಿಟ್ಟುಕೊಳ್ಳುತ್ತದೆ. ಮೆಣಸಿನಕಾಯಿಯ ಬಣ್ಣ, ಖಾರ, ಮಸಾಲೆಯ ಘಮ ಹೆಚ್ಚಾಗಿ ಕೊಬ್ಬಿನಲ್ಲಿ ಕರಗುವಂಥವು. ಪೇಸ್ಟನ್ನು ನೀರಿಗೆ ಕದಡಿ ಕುದಿಸಿದ ಸೂಪ್ ಸಪ್ಪೆ ಹೊಡೆಯುವುದು ಇದಕ್ಕೇ. ನೀವು ಹೆದರಿದ ಆ ಒಡಕೇ ಇದರ ರುಚಿಯ ಅರ್ಧ ಬಂಡವಾಳ.

ಹಾಗಂತ ಬಟ್ಟಲಲ್ಲಿ ಚೂರು ಚೂರು ತೇಲಬೇಕು ಅಂತೇನಿಲ್ಲ. ನುಣ್ಣಗಿನ ಸೂಪ್ ಬೇಕಾದರೆ ಕೆನೆಯನ್ನು ಮಾತ್ರ ಒಡೆಸಿ, ಉಳಿದ ಹಾಲನ್ನು ಆಮೇಲೆ ಹಾಕಿ, ಕುದಿಯನ್ನು ಸಣ್ಣಗಿಡಿ. ಮನೆಯಲ್ಲೇ ಕಾಯಿ ರುಬ್ಬಿ ಹಿಂಡಿದ ಹಾಲಿಗೆ ಗಮ್ಮಿನ ಬೆಂಬಲ ಇರುವುದಿಲ್ಲ. ಕುದಿಸಬಾರದು ಅನ್ನೋ ಮಾತು ಅಲ್ಲಿಂದಲೇ ಬಂದಿರಬೇಕು, ಅಲ್ಲಿ ಅದಕ್ಕೆ ಸ್ವಲ್ಪ ಅರ್ಥವೂ ಇದೆ. ಅದರ ಗಟ್ಟಿ ಹಾಲನ್ನು ಕೊನೆಗೆ ಹಾಕಿ, ಒಂದು ಸಣ್ಣ ಕುದಿಗೆ ಇಳಿಸಿ. ಇನ್ನು ಲಿಂಬೆ. ಹುಳಿ ಬಿದ್ದರೂ ಪ್ರೋಟೀನು ಗಂಟು ಕಟ್ಟುತ್ತದೆ. ಒಡಕಿನ ದೂರು ತಂದವರನ್ನು ಕೇಳಿ ನೋಡಿ, ಅರ್ಧದಷ್ಟು ಜನ ಕುದಿಯುವ ಪಾತ್ರೆಗೇ ಲಿಂಬೆ ಹಿಂಡಿರುತ್ತಾರೆ. ಒಲೆ ಆರಿಸಿದ ಮೇಲೆ ಹಿಂಡಿ. ಆಗಲೇ ಒಡೆದಿದ್ದರೆ ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕಲಸಿ ಹಾಕಿ ಒಂದು ಕುದಿ ಬರಿಸಿ. ಇಲ್ಲವೇ ಡಂಪ್ಲಿಂಗ್ ಹಾಕುವ ಮೊದಲೇ ಸೂಪನ್ನು ಬ್ಲೆಂಡರ್‌ಗೆ ಕೊಡಿ.

ಅಂದ ಹಾಗೆ, ಫ್ರಿಜ್‌ನಲ್ಲಿಟ್ಟ ಸೂಪ್ ಮೇಲೆ ಬಿಳಿ ಗಟ್ಟಿ ಪದರ ಕಂಡರೆ ಅದೂ ಕೆಟ್ಟಿದ್ದಲ್ಲ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಿಸಿ ಮಾಡಿ, ಕರಗುತ್ತದೆ. ಇದಕ್ಕೆ ಬೇರೆ ಪ್ರಶ್ನೆ ಕಳಿಸಬೇಡಿ, ದಯವಿಟ್ಟು.

ಈಗ ಸೂಪ್. ಇದರಲ್ಲಿ ಹೇಳುವುದಕ್ಕೆ ಜಾಸ್ತಿ ಇಲ್ಲ. 400 ಮಿಲಿಲೀಟರ್ ಡಬ್ಬಿಗೆ ಎರಡು ದೊಡ್ಡ ಚಮಚ ಪೇಸ್ಟ್. ಕೆನೆಯಲ್ಲಿ ಪೇಸ್ಟ್ ಹುರಿದು, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಹಾಕಿ. ಎರಡೂವರೆ ಕಪ್ ನೀರು ಅಥವಾ ತರಕಾರಿ ಬೇಯಿಸಿದ ನೀರು, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಚಿಟಿಕೆ ಸಕ್ಕರೆ ಸೇರಿಸಿ. ಕುದಿ ಬಂದಾಗ ಉಳಿದ ತೆಂಗಿನ ಹಾಲು. ಸೂಪ್ ಮತ್ತೆ ಸಣ್ಣಗೆ ಕುದಿಯುವಾಗ ಡಂಪ್ಲಿಂಗ್ ಬಿಡಿ, ಹನ್ನೆರಡು ಸಾಕು. ಕೊನೆಗೆ ಒಂದು ಹಿಡಿ ಸೊಪ್ಪು, ಒಲೆ ಆರಿಸಿ ಲಿಂಬೆ. ಅಣಬೆ ಇದ್ದರೆ ಪೇಸ್ಟ್ ಜೊತೆಗೇ ಹುರಿಯಿರಿ. ಫಿಶ್ ಸಾಸ್ ಇಲ್ಲದ ಕೊರತೆಯನ್ನು ಅದು ಚೆನ್ನಾಗಿ ತುಂಬುತ್ತದೆ.

ಡಂಪ್ಲಿಂಗ್ ಫ್ರೀಜರಿನದ್ದಾದರೆ ಕರಗಲು ಬಿಡಬೇಡಿ. ಕರಗಿದರೆ ಹಿಟ್ಟಿನ ಹೊದಿಕೆ ಒದ್ದೆಯಾಗಿ ಒಂದಕ್ಕೊಂದು ಅಂಟುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಗಟ್ಟಿ ಇರುವಾಗಲೇ ಹಾಕಿ, ತಳ ಹಿಡಿಯದಂತೆ ಸೌಟಿನ ಬೆನ್ನಿನಿಂದ ಒಮ್ಮೆ ಮೆಲ್ಲಗೆ ಸರಿಸಿ. ಇವಕ್ಕೆ ಜೋರು ಕುದಿ ಬೇಕಿಲ್ಲ, ಸಣ್ಣ ಕುದಿಯಲ್ಲೇ ಬೇಯುತ್ತವೆ. ನಿಮ್ಮ ಹೆದರಿಕೆಗೆ ಇಲ್ಲೂ ಕೆಲಸ ಇಲ್ಲ. ಮೇಲೆ ತೇಲಿದ ಕೂಡಲೇ ಬೆಂದವು ಅಂತ ಅಂದುಕೊಳ್ಳಬೇಡಿ. ಒಳಗಿನ ಗಾಳಿ, ಹಬೆ ಉಬ್ಬಿದರೂ ತೇಲುತ್ತವೆ. ತೇಲಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಒಂದನ್ನು ನೆರಿಗೆಯ ಹತ್ತಿರ ಕತ್ತರಿಸಿ ನೋಡಿ. ಹಿಟ್ಟು ದಪ್ಪ ಇರುವುದು ಅಲ್ಲೇ. ನಡುವೆ ಹಸಿ ಹಿಟ್ಟಿನ ಬಿಳಿ ಗೆರೆ ಕಂಡರೆ ಇನ್ನೂ ಬೇಯಬೇಕು.

ಪೂರ್ತಿ ವೀಗನ್ ಅಂದಿದ್ದೀರಿ. ಪೇಸ್ಟಿನ ಡಬ್ಬಿಯ ಹಿಂಭಾಗ ಓದಿದ್ದೀರಾ? ಥಾಯ್ ಪೇಸ್ಟ್‌ಗಳಲ್ಲಿ ಹುದುಗಿಸಿದ ಸಿಗಡಿಯ ಪೇಸ್ಟ್ ಇರುವುದು ಮಾಮೂಲು. ಡಂಪ್ಲಿಂಗ್ ಪ್ಯಾಕೆಟ್ ಮೇಲೆ ತರಕಾರಿಯ ಚಿತ್ರ ಇದ್ದ ಮಾತ್ರಕ್ಕೆ ಆಗಲಿಲ್ಲ. ಕೆಲವು ಹೊದಿಕೆಗಳಿಗೆ, ಅದರಲ್ಲೂ ವಾಂಟನ್ (ಚೀನಿ ಡಂಪ್ಲಿಂಗ್) ಹಾಳೆಗಳಿಗೆ, ಮೊಟ್ಟೆ ಹಾಕುತ್ತಾರೆ. ಗ್ಯೋಝಾ (ಜಪಾನಿ ಡಂಪ್ಲಿಂಗ್) ಹಾಳೆಗಳು ಹೆಚ್ಚಾಗಿ ಹಿಟ್ಟು, ನೀರು, ಉಪ್ಪು ಅಷ್ಟೇ. ಆದರೂ ಓದಿಯೇ ತನ್ನಿ.

ಇನ್ನೊಂದು ಮಾತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಸೂಪ್‌ನ ಮೊದಲ ಚಮಚಕ್ಕೇ ನೆತ್ತಿಗೇರುವುದು ಯಾಕೆ, ತಳದಲ್ಲಿ ಉಳಿದದ್ದು ಅಷ್ಟು ಖಾರ ಇರದೆ ಹೋಗುವುದು ಯಾಕೆ? ಖಾರ ಕೊಡುವ ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದು ಕಡಿಮೆ. ಕೆಂಪೆಣ್ಣೆ ಮೇಲೆ ತೇಲುತ್ತದೆ, ಖಾರದ ದೊಡ್ಡ ಪಾಲು ಅದರ ಜೊತೆಗೇ ತೇಲುತ್ತದೆ. ನೀವು ಮೊದಲು ಚಮಚ ಅದ್ದುವುದೂ ಅಲ್ಲೇ. ಹಾಗಾಗಿ ಬಡಿಸುವ ಮುಂಚೆ ಸೌಟಿನಿಂದ ತಳದವರೆಗೆ ತಿರುಗಿಸಿ. ಖಾರ ತಿನ್ನದವರಿಗೆ ಮೇಲಿನ ಎಣ್ಣೆ ಸ್ವಲ್ಪ ತೆಗೆದು ಬಡಿಸಿ, ತೆಗೆದದ್ದನ್ನು ಖಾರಪ್ರಿಯರ ಬಟ್ಟಲಿಗೆ ಹಾಕಿ. ಇಡೀ ಪಾತ್ರೆಯೇ ಖಾರವಾಗಿದ್ದರೆ ಸುಮ್ನೆ ನೀರು ಸುರಿಯಬೇಡಿ. ಉಪ್ಪು, ರುಚಿ ಎಲ್ಲ ತೆಳುವಾಗುತ್ತದೆ, ಖಾರದ ಎಣ್ಣೆ ಮಾತ್ರ ಮೇಲೆ ಹಾಗೇ ಕೂತಿರುತ್ತದೆ. ಇನ್ನಷ್ಟು ತೆಂಗಿನ ಹಾಲು ಹಾಕಿ. ಖಾರ ಸಾಲದಿದ್ದರೆ ಹಸಿ ಪೇಸ್ಟನ್ನು ನೇರ ಸೂಪ್‌ಗೆ ಹಾಕಬೇಡಿ. ಸಣ್ಣ ಬಾಣಲೆಯಲ್ಲಿ ಎರಡು ಚಮಚ ಕೆನೆ ಕಾಯಿಸಿ, ಎಣ್ಣೆ ಬಿಟ್ಟ ಮೇಲೆ ಪೇಸ್ಟ್ ಹುರಿದು, ಆಮೇಲೆ ಸೇರಿಸಿ.