ಕರ್ಮದ ಲೆಕ್ಕ: ಆನ್‌ಲೈನ್ ವೋಟು, ಪಾಯಿಂಟುಗಳು ಇಲ್ಲಿವರೆಗೆ ಬಂದ ದಾರಿ

ಯಾವ ಆನ್‌ಲೈನ್ ಗುಂಪಿಗೆ ಹೋದ್ರೂ ಈಗ ಒಂದು ಜಗಳ ಇದ್ದೇ ಇರುತ್ತೆ. ಇಷ್ಟ ಆಗ್ಲಿಲ್ಲ ಅಂತ ಒತ್ತೋ ಡೌನ್‌ವೋಟ್ ಬಟನ್ ಇರ್ಬೇಕಾ ಬೇಡ್ವಾ, ಲೈಕ್ ಎಷ್ಟು ಅಂತ ತೋರಿಸ್ಬೇಕಾ ಮುಚ್ಚಿಡ್ಬೇಕಾ, ಹಳಬರಿಗೆ ಇಷ್ಟೊಂದು ಅಧಿಕಾರ ಯಾಕೆ, ಹೊಸಬರು ಬಾಯಿ ತೆಗೆದ ತಕ್ಷಣ ಮೈನಸ್ ಯಾಕೆ. ಒಬ್ಬೊಬ್ರು ಒಂದೊಂದು ಕಡೆಯಿಂದ ಎಳೀತಾರೆ, ಎಲ್ಲರ ಮಾತಲ್ಲೂ ಸ್ವಲ್ಪ ನಿಜ ಇದೆ, ಅದಕ್ಕೇ ಜಗಳ ಮುಗಿಯಲ್ಲ. ಗಂಟು ಎಲ್ಲಿ ಬಿತ್ತು ಅಂತ ನೋಡ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

1980ರಲ್ಲಿ ಯೂಸ್‌ನೆಟ್ ಅನ್ನೋ ಹಳೇ ಕಾಲದ ಚರ್ಚಾ ಜಾಲ ಶುರುವಾದಾಗ ವೋಟೂ ಇರ್ಲಿಲ್ಲ ಪಾಯಿಂಟೂ ಇರ್ಲಿಲ್ಲ, ಮುಂದೆ ಕಿಲ್‌ಫೈಲ್ ಅಂತ ಒಂದು ಬಂತು, ಕಿರಿಕಿರಿ ಮಾಡೋನ ಹೆಸರು ಅದಕ್ಕೆ ಹಾಕಿದ್ರೆ ಅವನು ನಿಮ್ಮ ಕಣ್ಣಿಗೆ ಬೀಳ್ತಿರ್ಲಿಲ್ಲ ಅಷ್ಟೇ, 1993-94ರ ಹೊತ್ತಿಗೆ ಇಂಟರ್ನೆಟ್ ಕಂಪನಿ ಎಓಎಲ್‌ನ ಗ್ರಾಹಕರೆಲ್ಲ ಒಳಗೆ ನುಗ್ಗಿದ ಮೇಲೆ ಆ ಹಳೇ ಶಿಸ್ತು ಕೊಚ್ಚಿಕೊಂಡೇ ಹೋಯ್ತು. ಇದು ಪೀಠಿಕೆ. ಅಸಲಿ ಕಥೆ ಇರೋದು ಆಮೇಲೆ.

1997ರಲ್ಲಿ ರಾಬ್ ಮಾಲ್ಡಾ ಸ್ಲ್ಯಾಶ್‌ಡಾಟ್ ಅನ್ನೋ ಟೆಕ್ ಸುದ್ದಿ ತಾಣ ಶುರು ಮಾಡಿದ್ರು. ಒಂದೊಂದು ಸುದ್ದಿಗೂ ನೂರಾರು ಕಮೆಂಟ್, ಅದ್ರಲ್ಲಿ ಅರ್ಧ ಕಸ. ಗುಡಿಸೋಕೆ ಮೊದಲು 25 ಜನರನ್ನ ಇಟ್ಕೊಂಡ್ರು, ಸಾಲ್ಲಿಲ್ಲ, 400 ಜನ ಆದ್ರು, ಅದೂ ಸಾಲ್ದೆ 1999ರ ಹೊತ್ತಿಗೆ ಸಾಮಾನ್ಯ ಓದುಗರಿಗೇ ಸರದಿ ಮೇಲೆ ಕೆಲಸ ಕೊಟ್ಬಿಟ್ರು. ನಿಮ್ಮ ಸರದಿ ಬಂದ್ರೆ ಕೈಗೆ 5 ಪಾಯಿಂಟ್, ಒಂದು ಪಾಯಿಂಟಿಗೆ ಒಂದು ಕಮೆಂಟಿನ ಅಂಕ ಒಂದು ಏರಿಸ್ಬಹುದು ಇಲ್ಲ ಇಳಿಸ್ಬಹುದು. ಮೂರು ದಿನದೊಳಗೆ ಖರ್ಚು ಮಾಡ್ಬೇಕು, ಇಲ್ದಿದ್ರೆ ಹೋಯ್ತು. ನೀವೇ ಮಾತಾಡಿದ ಚರ್ಚೆಯಲ್ಲಿ ಮಾರ್ಕ್ಸ್ ಹಾಕೋ ಹಾಗಿಲ್ಲ. ಬರೀ ಪ್ಲಸ್ ಮೈನಸ್ ಒತ್ತಿದ್ರೂ ಆಗಲ್ಲ, ಮಾಹಿತಿ ಇದೆ, ತಮಾಷೆಯಾಗಿದೆ, ವಿಷಯ ಬಿಟ್ಟು ಎಲ್ಲೋ ಹೋಗಿದೆ, ಹೀಗೆ ಕಾರಣ ಆರಿಸ್ಬೇಕು. ಕಮೆಂಟಿನ ಅಂಕ -1ರಿಂದ 5ರೊಳಗೇ ಇರುತ್ತೆ, ಎಷ್ಟೇ ಜನ ಮೆಚ್ಚಿದ್ರೂ 5 ದಾಟಲ್ಲ. ಟೈಮ್ ಇಲ್ದಿರೋ ಓದುಗ 3ಕ್ಕಿಂತ ಕೆಳಗಿರೋದು ನನಗೆ ಬೇಡ ಅಂತ ಸೆಟ್ ಮಾಡ್ಕೊಂಡು ಹಾಯಾಗಿ ಓದ್ಬಹುದಿತ್ತು.

ಅಂದ್ರೆ ಅದು ಜರಡಿ. ಓದೋನಿಗೋಸ್ಕರ ಮಾಡಿದ್ದು. ಬರೆಯೋನಿಗೆ ಏನು ಸಿಗುತ್ತೆ ಅನ್ನೋದು ಅಲ್ಲಿ ಮುಖ್ಯ ಪ್ರಶ್ನೆ ಆಗಿರ್ಲಿಲ್ಲ.

ಆದ್ರೆ ಪಕ್ಕದಲ್ಲೇ ಇನ್ನೊಂದು ಇಟ್ರು, ಕರ್ಮ. ನಿಮ್ಮ ಕಮೆಂಟುಗಳಿಗೆ ಬಿದ್ದ ಅಂಕ ಎಲ್ಲ ಕೂಡಿ ನಿಮ್ಮ ಹೆಸರಿನ ಖಾತೆಗೆ. (ನಮ್ಮಲ್ಲಿ ಕರ್ಮ ಅಂದ್ರೆ ಹಣೆ ಚಚ್ಚಿಕೊಂಡು ಹೇಳೋ ಮಾತು, ಅಲ್ಲಿ ಅದು ಕೂಡಿಡೋ ಆಸ್ತಿ ಆಯ್ತು. ಕೊನೆಗೆ ಎರಡೂ ಒಂದೇ ಆಯ್ತು ಅನ್ನಿ.) ಸಂಖ್ಯೆ ಕಂಡಿದ್ದೇ ತಡ ಜನ ಅದಕ್ಕೋಸ್ಕರ ಬರೆಯೋಕೆ ಶುರು ಮಾಡಿದ್ರು, ಎಲ್ಲರಿಗೂ ಒಪ್ಪಿಗೆ ಆಗೋ ಮಾತನ್ನೇ ತಿರುಗಿಸಿ ಮುರುಗಿಸಿ ಹೇಳೋದು, ಮೂಲ ಸುದ್ದಿಯನ್ನೇ ಕಾಪಿ ಮಾಡಿ ಕಮೆಂಟಲ್ಲಿ ಹಾಕೋದು. ತಾಣದವರು ಕರ್ಮಕ್ಕೆ 50ರ ಮಿತಿ ಹಾಕಿದ್ರು, ತಮಾಷೆ ಅಂತ ಬಿದ್ದ ಪ್ಲಸ್ ಲೆಕ್ಕಕ್ಕೆ ಬರಲ್ಲ ಅಂದ್ರು, ಕೊನೆಗೆ ಸಂಖ್ಯೆಯನ್ನೇ ತೆಗೆದು ಒಳ್ಳೇದು, ಕೆಟ್ಟದು, ಅತ್ಯುತ್ತಮ ಅಂತ ಪದ ಇಟ್ರು. ಈಗ ಎಲ್ಲರೂ ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡೋ ‘ಸಂಖ್ಯೆ ಮುಚ್ಚಿಡಿ’ ಅನ್ನೋ ಐಡಿಯಾ ಅಷ್ಟು ಹಳೇದು.

2004ರಲ್ಲಿ ಡಿಗ್ ಬಂತು, 2005ರಲ್ಲಿ ರೆಡಿಟ್, ಎರಡೂ ಜನರೇ ಲಿಂಕ್ ಹಾಕಿ ವೋಟಿಂದ ಮೇಲೆ ತರೋ ತಾಣಗಳು. ಸರದಿ ಇಲ್ಲ, ಮಿತಿ ಇಲ್ಲ, ಖಾತೆ ಇರೋ ಯಾರು ಬೇಕಾದ್ರೂ ಎಷ್ಟು ಪೋಸ್ಟಿಗೆ ಬೇಕಾದ್ರೂ ವೋಟ್ ಒತ್ತಿ. ಡಿಗ್‌ನಲ್ಲಿ ಮೊದಲ ಸಾಲಿನ ಬಳಕೆದಾರರ ಪಟ್ಟಿ ಇತ್ತು, ಮುಖಪುಟದ ದೊಡ್ಡ ಪಾಲು ಆ ಕೆಲವೇ ಜನರ ಕೈಗೆ ಹೋಯ್ತು, 2007ರಲ್ಲಿ ಆ ಪಟ್ಟಿ ತೆಗೆದ್ರು, 2010ರಲ್ಲಿ ತಾಣದ ರೂಪವನ್ನೇ ಬದಲಾಯಿಸಿದ್ರು, ಜನ ಗಂಟುಮೂಟೆ ಕಟ್ಕೊಂಡು ರೆಡಿಟ್ ಕಡೆ ನಡೆದ್ರು. ರೆಡಿಟ್‌ಗೂ ಅದರದ್ದೇ ತಲೆನೋವು ಇತ್ತು, ಮೊದಲು ಬಂದ ಕಮೆಂಟ್ ಮೇಲೆ ಕೂತ್ಬಿಡುತ್ತೆ, ಮೇಲಿದೆ ಅಂತ ಇನ್ನಷ್ಟು ವೋಟು ಬೀಳುತ್ತೆ, ಹಿಂದೆ ಬಂದದ್ದು ಎಷ್ಟೇ ಚೆನ್ನಾಗಿದ್ರೂ ತಳದಲ್ಲೇ. 2009ರಲ್ಲಿ ಒಟ್ಟು ವೋಟಿನ ಬದಲು, ಬಿದ್ದ ವೋಟಲ್ಲಿ ಮೆಚ್ಚುಗೆಯ ಪಾಲು ಎಷ್ಟು, ಅದನ್ನ ಎಷ್ಟು ನಂಬ್ಬಹುದು ಅಂತ ನೋಡೋ ಹೊಸ ಲೆಕ್ಕ ತಂದ್ರು. ಸ್ವಲ್ಪ ಸುಧಾರಿಸ್ತು.

ನಾನು ಹತ್ತಿರದಿಂದ ನೋಡಿದ್ದು ಪ್ರಶ್ನೋತ್ತರ ತಾಣಗಳ ಕಾಲ, ಹಾಗಾಗಿ ಇಲ್ಲಿ ಸ್ವಲ್ಪ ಕೂರ್ತೀನಿ. ಯಾಹೂ ಆನ್ಸರ್ಸ್‌ನಲ್ಲಿ ಪ್ರಶ್ನೆ ಕೇಳಿದ್ರೆ 5 ಪಾಯಿಂಟ್ ಕಟ್, ಉತ್ತರ ಬರೆದ್ರೆ 2 ಪಾಯಿಂಟ್, ಅತ್ಯುತ್ತಮ ಅಂತ ಆಯ್ಕೆ ಆದ್ರೆ 10. ಆಗಿದ್ದೇನು ಅಂದ್ರೆ ‘ಗೊತ್ತಿಲ್ಲಪ್ಪ’ ಅಂತ ಬರೆದ್ರೂ 2 ಪಾಯಿಂಟ್, ಹಾಗಾಗಿ ಗೊತ್ತಿಲ್ಲದೋರೇ ಜಾಸ್ತಿ ಬರೆದ್ರು. 2021ರಲ್ಲಿ ಅದು ಬಾಗಿಲು ಹಾಕ್ತು.

2008ರಲ್ಲಿ ಬಂದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಇದನ್ನೆಲ್ಲ ನೋಡಿ ಕಲಿತೇ ಕಟ್ಟಿದ್ದು. ಪಾಯಿಂಟ್ ಬರೋದು ಬರೆದಿದ್ದಕ್ಕಲ್ಲ, ಬೇರೆಯವರು ಒಪ್ಪಿದ್ದಕ್ಕೆ: ಉತ್ತರಕ್ಕೆ ಅಪ್‌ವೋಟ್ ಬಿದ್ರೆ 10, ಕೇಳಿದವನು ಒಪ್ಕೊಂಡ್ರೆ 15, ಡೌನ್‌ವೋಟ್ ಬಿದ್ರೆ 2 ಕಟ್. ಉತ್ತರಕ್ಕೆ ಡೌನ್‌ವೋಟ್ ಹಾಕೋನಿಗೂ 1 ಕಟ್, ಸುಮ್ನೆ ಹೊಟ್ಟೆಕಿಚ್ಚಿಗೆ ಒತ್ಬಾರ್ದು ಅಂತ. ವೋಟಿಂದ ದಿನಕ್ಕೆ 200ಕ್ಕಿಂತ ಜಾಸ್ತಿ ಸಿಗಲ್ಲ. ಇಲ್ಲಿವರೆಗೂ ಜಾಣತನ. ಆದ್ರೆ ಪಾಯಿಂಟ್ ಅಂದ್ರೆ ಅಧಿಕಾರ ಕೂಡ: 15 ಆದ್ರೆ ಅಪ್‌ವೋಟ್ ಹಾಕ್ಬಹುದಿತ್ತು, 50 ಆದ್ರೆ ಎಲ್ಲರ ಪೋಸ್ಟಿಗೂ ಕಮೆಂಟ್, 125 ಆದ್ರೆ ಡೌನ್‌ವೋಟ್, 3000 ಆದ್ರೆ ಇನ್ನೊಬ್ಬರ ಪ್ರಶ್ನೆ ಮುಚ್ಚೋಕೆ ವೋಟು. ಮತ್ತೆ ಈ ಪಾಯಿಂಟ್ ಮೂರು ದಿನಕ್ಕೆ ಖಾಲಿ ಆಗಲ್ಲ, ಜೀವಮಾನದ ಗಳಿಕೆ.

ಅಲ್ಲಿಗೆ ಜರಡಿ ಹೋಗಿ ಸಂಬಳ ಆಯ್ತು.

ಇಂಥದ್ದೇ ಒಂದು ತಾಣದಲ್ಲಿ ರಾತ್ರಿಯೆಲ್ಲ ಕೂತಿರ್ತಿದ್ದೆ, ಆಗ ಕಲಿತ ವಿದ್ಯೆ ಹೇಳ್ತೀನಿ ಕೇಳಿ. ಪ್ರಶ್ನೆ ಬಿದ್ದ ಮೂವತ್ತು ಸೆಕೆಂಡಲ್ಲಿ ಒಂದು ಸಾಲು ಉತ್ತರ ಹಾಕೋದು, ಅರ್ಧಂಬರ್ಧ ಆದ್ರೂ ಪರ್ವಾಗಿಲ್ಲ, ಮೊದಲು ಬಿದ್ದಿರ್ಬೇಕು. ಆಮೇಲೆ ಎಡಿಟ್ ಒತ್ತಿ ಕೋಡ್ ಸೇರ್ಸೋದು, ಇನ್ನೊಮ್ಮೆ ಒತ್ತಿ ವಿವರಣೆ ಸೇರ್ಸೋದು. ಮೊದಲ ಐದು ನಿಮಿಷದ ತಿದ್ದುಪಡಿ ಇತಿಹಾಸದಲ್ಲಿ ಕಾಣ್ತಿರ್ಲಿಲ್ಲ, ಹಾಗಾಗಿ ನೋಡೋರಿಗೆ ಆಹಾ ಎಷ್ಟು ಬೇಗ ಎಷ್ಟು ಪೂರ್ತಿ ಬರೆದಿದಾನೆ ಅನ್ಸುತ್ತೆ. ಎಲ್ಲರೂ ಮಾಡ್ತಿದ್ರು. ಸುಲಭದ ಪ್ರಶ್ನೆಗೆ ಹತ್ತು ಜನ ಮುಗಿಬೀಳ್ತಿದ್ರು, ಎರಡು ದಿನ ತಲೆ ಕೆಡಿಸ್ಕೊಳ್ಬೇಕಾದ ಪ್ರಶ್ನೆ ಅನಾಥವಾಗಿ ಬಿದ್ದಿರ್ತಿತ್ತು, ಯಾಕಂದ್ರೆ ಅದನ್ನ ಓದಿ ಅರ್ಥ ಮಾಡ್ಕೊಂಡು ವೋಟ್ ಹಾಕೋರೇ ನಾಲ್ಕು ಜನ.

ಇದು ನನ್ನೊಬ್ಬನ ಗೊಣಗಾಟ ಅಲ್ಲ. 2013ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಡೇಟಾ ಇಟ್ಕೊಂಡು ಮಾಡಿದ ಒಂದು ಅಧ್ಯಯನದಲ್ಲಿ, ವೋಟ್ ಹಾಕಿದ್ದಕ್ಕೆ ಕೊಡೋ ಬ್ಯಾಡ್ಜ್ ಹತ್ತಿರ ಬಂದ ಹಾಗೆಲ್ಲ ಜನ ದಬದಬ ವೋಟ್ ಹಾಕ್ತಾರೆ, ಬ್ಯಾಡ್ಜ್ ಸಿಕ್ಕ ಮೇಲೆ ಇಳಿದುಬಿಡ್ತಾರೆ ಅಂತ ಗ್ರಾಫಲ್ಲೇ ಕಾಣ್ತು. ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಯೋಗ ಇನ್ನೂ ಮಜಾ ಇದೆ: ಒಂದು ಸುದ್ದಿ ತಾಣದಲ್ಲಿ 1 ಲಕ್ಷಕ್ಕೂ ಹೆಚ್ಚು ಕಮೆಂಟುಗಳನ್ನ ಪ್ರಯೋಗಕ್ಕೆ ತಗೊಂಡು, ಕೆಲವಕ್ಕೆ ಸಂಶೋಧಕರೇ ಸುಮ್ನೆ ಒಂದು ಪ್ಲಸ್ ಒತ್ತಿ ಬಿಟ್ರು, ಅಷ್ಟಕ್ಕೇ ಮುಂದೆ ನೋಡಿದವನು ಪ್ಲಸ್ ಒತ್ತೋ ಸಾಧ್ಯತೆ ಶೇ 32 ಏರ್ತು, ಕೊನೆಯ ಅಂಕ ಸರಾಸರಿ ಶೇ 25 ಜಾಸ್ತಿ ಆಯ್ತು. ಗುಂಪಲ್ಲಿ ಗೋವಿಂದ ಅಂತಾರಲ್ಲ ಅದೇ. ಸುಳ್ಳು ಮೈನಸ್ ಒತ್ತಿದ್ದಕ್ಕೆ ಮಾತ್ರ ಪಾಪ ಅಂತ ಯಾರೋ ಬಂದು ಸರಿ ಮಾಡ್ತಿದ್ರು. ಮೈನಸ್ ತಿಂದೋರ ಕಥೆ 2014ರ ಇನ್ನೊಂದು ಅಧ್ಯಯನದಲ್ಲಿದೆ, ಅವರು ತಿದ್ಕೊಳ್ಳಲ್ಲ, ಬಿಟ್ಟೂ ಹೋಗಲ್ಲ, ಇನ್ನೂ ಜಾಸ್ತಿ ಬರೀತಾರೆ, ಇನ್ನೂ ಕೆಟ್ಟದಾಗಿ ಬರೀತಾರೆ, ಬೇರೆಯವರಿಗೂ ಮೈನಸ್ ಒತ್ತುತಾರೆ.

ಆಮೇಲಿನದ್ದೆಲ್ಲ ತೇಪೆ ಕೆಲಸ. ಟೆಕ್ ಚರ್ಚೆಯ ತಾಣ ಹ್ಯಾಕರ್ ನ್ಯೂಸ್ 2011ರಲ್ಲಿ ಕಮೆಂಟಿನ ಅಂಕ ಮುಚ್ಚಿಡ್ತು, ಯೂಟ್ಯೂಬ್ 2021ರಲ್ಲಿ ಡಿಸ್‌ಲೈಕ್ ಸಂಖ್ಯೆ ಮುಚ್ಚಿಡ್ತು. ಸ್ಟ್ಯಾಕ್ ಓವರ್‌ಫ್ಲೋ 2010ರಲ್ಲಿ ಪ್ರಶ್ನೆಯ ಅಪ್‌ವೋಟನ್ನ 10ರಿಂದ 5ಕ್ಕೆ ಇಳಿಸ್ತು, ಕೇಳೋರಿಗೆ ಅನ್ಯಾಯ ಆಯ್ತು ಅಂತ 2019ರಲ್ಲಿ ಮತ್ತೆ 10 ಮಾಡ್ತು, ಅದೂ ಹಿಂದಿನ ವೋಟುಗಳಿಗೂ ಸೇರಿಸಿ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದು ಕೆಲವೇ ದಿನದಲ್ಲಿ, ಅದರಿಂದ ಬರೆಸಿದ ಉತ್ತರ ಹಾಕ್ಬೇಡಿ ಅಂತ ನಿಷೇಧ ಹೇರ್ಬೇಕಾಯ್ತು. ಬೇಗ, ನೋಡೋಕೆ ಅಚ್ಚುಕಟ್ಟು, ಒಳಗೆ ಸರಿನಾ ತಪ್ಪಾ ಗೊತ್ತಾಗಲ್ಲ. ಮೂವತ್ತು ಸೆಕೆಂಡಿನ ವಿದ್ಯೆ ನಾವು ಕಲಿಸಿಕೊಟ್ಟಿದ್ದೇ.

ನಾನು ಬರೆಯೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಮೊನ್ನೆ ಪಾಸ್‌ವರ್ಡ್ ನೆನಪು ಮಾಡ್ಕೊಂಡು ಒಳಗೆ ಹೋದೆ. ಕೋಡಲ್ಲಿ ತಾರೀಖನ್ನ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡೋದು ಹೇಗೆ ಅನ್ನೋ ಪ್ರಶ್ನೆಗೆ ಗಡಿಬಿಡಿಯಲ್ಲಿ ಒಗೆದ ಒಂದೂವರೆ ಸಾಲಿನ ಉತ್ತರ ಇನ್ನೂ ಪಾಯಿಂಟ್ ತರ್ತಾ ಇದೆ. ಟೈಮ್‌ಝೋನ್ ಬಗ್ಗೆ ಎರಡು ಭಾನುವಾರ ಕೂತು ಬರೆದ ಉದ್ದ ಉತ್ತರದ ಪಕ್ಕ ಈಗಲೂ 2 ಅಂತಾನೇ ಇದೆ, ಅದ್ರ ಕೆಳಗೆ ಯಾರೋ ಒಂದು ಕಮೆಂಟ್ ಹಾಕಿದಾರೆ, ‘ಇದೊಂದೇ ಕೆಲಸ ಮಾಡಿದ್ದು, ಅಪ್‌ವೋಟ್ ಹಾಕೋಕೆ ನನ್ನ ಹತ್ರ ಪಾಯಿಂಟ್ ಇಲ್ಲ’ ಅಂತ.