ವೈಫೈಗೆ ಯಾಕೆ ಬೈಯುತ್ತೀರಿ?

ಬಳ್ಳಾರಿಯಲ್ಲಿ ಈಗ ಯಾರೂ ಇಂಟರ್ನೆಟ್ ಹಾಕಿಸುವುದಿಲ್ಲ, ವೈಫೈ ಹಾಕಿಸುತ್ತಾರೆ. ಬಿಲ್ ಕಟ್ಟುವುದು ವೈಫೈಗೆ, ರೀಲ್ಸ್ ಗಿರಗಿರ ಸುತ್ತುತ್ತಾ ನಿಂತರೆ ಬೈಗುಳವೂ ವೈಫೈಗೆ. ಮೊನ್ನೆ ನಮ್ಮ ಓಣಿಯಲ್ಲಿ ಚರಂಡಿ ಅಗೆಯುವಾಗ ಇಂಟರ್ನೆಟ್ ತರುವ ಫೈಬರ್ ಕೇಬಲ್ ಕಟ್ ಆಯಿತು. ವಾಟ್ಸಾಪ್ ಗುಂಪಿನ ತುಂಬಾ ಒಂದೇ ಮಾತು: "ವೈಫೈ ಸಿಗ್ನಲ್ ಇಲ್ರೀ, ನಿಮ್ಮ ಮನ್ಯಾಗ ಐತೇನು?" ಸಿಗ್ನಲ್ ಎಲ್ಲರ ಮನೆಯಲ್ಲೂ ಫುಲ್ ಇತ್ತು. ಇಲ್ಲದೇ ಇದ್ದದ್ದು ಇಂಟರ್ನೆಟ್.

ರೂಟರ್‌ನಿಂದ ನಿಮ್ಮ ಫೋನಿನವರೆಗಿನ ರೇಡಿಯೋ ಸಂಪರ್ಕ, ಅಷ್ಟೇ ವೈಫೈ. ಹೊರಗಿನಿಂದ ಮನೆಗೆ ಬರುವ ಫೈಬರ್ ಕಟ್ಟಾದರೆ ಅದೇನು ಮಾಡೀತು? ಹಂಪಿ ಎಕ್ಸ್‌ಪ್ರೆಸ್ ಲೇಟಾಗಿ ಬಂದಿದ್ದಕ್ಕೆ ಸ್ಟೇಷನ್ನಿನಿಂದ ಕೌಲ್ ಬಜಾರಿಗೆ ಬಿಡುವ ಆಟೋದವನನ್ನು ಬೈದ ಹಾಗಾಯಿತು.

ಇನ್ನು ವೈಫೈ ಅಂದರೆ 'ವೈರ್‌ಲೆಸ್ ಫಿಡೆಲಿಟಿ' ಅಂತ ಬಾಯಿಪಾಠ ಮಾಡಿದವರಿಗೆ ಒಂದು ಮಾತು. ವೈಫೈಗೆ ಪೂರ್ಣರೂಪ ಇಲ್ಲ. 1999ರಲ್ಲಿ ಈ ತಂತ್ರಜ್ಞಾನದ ಕೆಲವು ಕಂಪನಿಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ತಂತ್ರಜ್ಞಾನದ ಹೆಸರು 'ಐಇಇಇ 802.11ಬಿ'. ಈ ಹೆಸರಿನ ಡಬ್ಬಿಯನ್ನು ಅಂಗಡಿಯಲ್ಲಿ ಯಾರು ಕೇಳಿ ಕೊಳ್ಳುತ್ತಾರೆ? ಹೆಸರಿಡುವುದೇ ಕಸುಬಾಗಿದ್ದ ಇಂಟರ್‌ಬ್ರ್ಯಾಂಡ್ ಕಂಪನಿಗೆ ಕೆಲಸ ಒಪ್ಪಿಸಿದರು. ಅವರು ಕೊಟ್ಟದ್ದು 'ವೈಫೈ'. ಟೇಪ್ ರೆಕಾರ್ಡರ್ ಕಾಲದ 'ಹೈಫೈ'ಗೆ ಪ್ರಾಸ, ಅಷ್ಟೇ. ಅರ್ಥವಿಲ್ಲದ ಹೆಸರು ಹೇಗಪ್ಪಾ ಅಂತ ಒಕ್ಕೂಟದ ಕೆಲವರಿಗೆ ಕಸಿವಿಸಿ. ಅವರ ಸಮಾಧಾನಕ್ಕೆ ಆಮೇಲೆ 'ವೈರ್‌ಲೆಸ್ ಫಿಡೆಲಿಟಿ' ಅನ್ನುವ ಘೋಷವಾಕ್ಯ ಅಂಟಿಸಿದರು, ಮುಂದೆ ಅದನ್ನೂ ಕೈಬಿಟ್ಟರು. ಇದನ್ನೆಲ್ಲ ಒಕ್ಕೂಟದ ಸ್ಥಾಪಕರಲ್ಲಿ ಒಬ್ಬರಾದ ಫಿಲ್ ಬೆಲಾಂಜರ್ ಅವರೇ ಹೇಳಿದ್ದಾರೆ. ಆದರೂ ನಮ್ಮ ಜನರಲ್ ನಾಲೆಜ್ ಗೈಡುಗಳು ಬಿಡುತ್ತಿಲ್ಲ.

ಪದ ಸರಿಯಾದರೆ ರಿಪೇರಿ ಅರ್ಧ ಆದಂತೆ. ಕಡ್ಡಿ ಫುಲ್ ಇದ್ದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಂದಿದ್ದರೆ, ಮನೆಯವರ ಎಲ್ಲರ ಫೋನಲ್ಲೂ ಹಾಗೇ ಇದೆಯಾ ನೋಡಿ. ಇದ್ದರೆ ವೈಫೈ ಸರಿಯಿದೆ, ಹೊರಗಿನ ಲೈನ್ ಸತ್ತಿರುವುದೇ ಹೆಚ್ಚು. ಫೈಬರ್ ಕಟ್ಟಾಗಿದ್ದರೆ ಫೈಬರ್ ಡಬ್ಬಿಯಲ್ಲಿ 'ಎಲ್‌ಒಎಸ್' ಅಂತ ಬರೆದಿರುವ ದೀಪ ಕೆಂಪಾಗಿರುತ್ತದೆ. ಕಂಪ್ಲೇಂಟ್ ಕೊಡುವಾಗ ಆ ಕೆಂಪು ದೀಪದ ವಿಷಯವನ್ನೇ ಹೇಳಿ. "ವೈಫೈ ಬರ್ತಿಲ್ಲ" ಅಂದರೆ "ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರವೇ ಗತಿ. ಒಬ್ಬರ ಫೋನಲ್ಲಿ ಮಾತ್ರ ಬರುತ್ತಿಲ್ಲವೇ? ಆ ಫೋನನ್ನೇ ರೀಸ್ಟಾರ್ಟ್ ಮಾಡಿ, ವಿಪಿಎನ್ (ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಆ್ಯಪ್) ಆನ್ ಇದ್ದರೆ ಆಫ್ ಮಾಡಿ.

ರೂಟರ್ ಪಕ್ಕ ಚೆನ್ನಾಗಿ ಬಂದು ಒಳಕೋಣೆಯಲ್ಲಿ ಕೈಕೊಟ್ಟರೆ, ಆಗ ಧಾರಾಳವಾಗಿ ವೈಫೈಗೆ ಬೈಯಿರಿ. ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ, ಮಧ್ಯೆ ಒಂದು ಕಬ್ಬಿಣದ ಬೀರು, ಇನ್ನೇನು ಬೇಕು? ಅದರಲ್ಲೂ ಹೆಸರಿನ ಕೊನೆಗೆ '5ಜಿ' ಇರುವ ವೈಫೈಗೇ ಎಲ್ಲರೂ ಮುಗಿಬೀಳುತ್ತಾರೆ. ಅದು ಮೊಬೈಲಿನ 5ಜಿ ಅಲ್ಲ ಮಾರಾಯ್ರೇ, 5 ಗಿಗಾಹರ್ಟ್ಸ್, ಅಂದರೆ ವೈಫೈ ಬಳಸುವ ರೇಡಿಯೋ ಅಲೆಯ ಆವರ್ತನ. ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಒಳಕೋಣೆಯಲ್ಲಿ ಮಲಗಿ ನೋಡುವವರು '5ಜಿ' ಇಲ್ಲದ ಇನ್ನೊಂದು ಹೆಸರಿಗೆ, ಅಂದರೆ 2.4 ಗಿಗಾಹರ್ಟ್ಸ್‌ಗೆ ಸೇರಿಕೊಳ್ಳಿ. ಸ್ವಲ್ಪ ನಿಧಾನ ಇರಬಹುದು, ಆದರೆ ಪದೇ ಪದೇ ಕಟ್ ಆಗುವುದು ಕಡಿಮೆಯಾಗುತ್ತದೆ.