ನಲವತ್ತು ಪಟ್ಟುಗಳಿಂದ ಆರಕ್ಕೆ

ಆತ್ಮರಕ್ಷಣೆಯ ತರಬೇತಿ ಕೊಡಲು ತೊಡಗಿದ ಮೊದಲ ವರ್ಷಗಳಲ್ಲಿ ನನ್ನ ಪಾಠಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಪಟ್ಟುಗಳಿದ್ದವು. ಮಣಿಕಟ್ಟನ್ನು ಎದುರಿನಿಂದ ಹಿಡಿದರೆ ಬಿಡಿಸಿಕೊಳ್ಳುವ ಕ್ರಮ ಒಂದು, ಅಡ್ಡಗೈಯಲ್ಲಿ ಹಿಡಿದರೆ ಇನ್ನೊಂದು, ಎರಡೂ ಕೈಗಳಿಂದ ಹಿಡಿದರೆ ಮತ್ತೊಂದು, ಹಿಂದಿನಿಂದ ತಬ್ಬಿ ಹಿಡಿದರೆ ಬೇರೆಯೇ ಒಂದು, ಹೀಗೆ ಪ್ರತಿಯೊಂದು ಹಿಡಿತಕ್ಕೂ ಪ್ರತ್ಯೇಕ ಉತ್ತರವಿರಬೇಕೆಂದು ನಾನು ನಂಬಿದ್ದೆ. ಶಿಬಿರದ ಕೊನೆಯ ದಿನ ಎಲ್ಲರೂ ಅವನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸುತ್ತಿದ್ದುದರಿಂದ ಆ ನಂಬಿಕೆಗೆ ಧಕ್ಕೆಯೂ ಬಂದಿರಲಿಲ್ಲ. ಒಮ್ಮೆ, ಶಿಬಿರ ಮುಗಿದು ಮೂರು ತಿಂಗಳಾದ ಮೇಲೆ, ಹಳೆಯ ಶಿಬಿರಾರ್ಥಿಗಳನ್ನು ಮತ್ತೆ ಕರೆಸಿ, ಅವರ ಒಪ್ಪಿಗೆಯನ್ನು ಮೊದಲೇ ಪಡೆದು, ಮಾತಿನ ನಡುವೆ ಹಠಾತ್ತನೆ ಕೈ ಹಿಡಿದು ನೋಡಿದೆ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಮಹಿಳೆಯೊಬ್ಬರು ಹಿಡಿತಕ್ಕೆ ಸಿಕ್ಕ ತಮ್ಮ ಕೈಯನ್ನೇ ನೋಡುತ್ತ ನಿಂತು, "ಸರ್, ಇದಕ್ಕೆ ಮೂರನೆಯದೋ ಐದನೆಯದೋ?" ಎಂದು ಕೇಳಿದರು.

ತಪ್ಪು ನನ್ನದಾಗಿತ್ತು. ಆಯ್ಕೆಗಳು ಹೆಚ್ಚಿದಂತೆ ಪ್ರತಿಕ್ರಿಯೆಗೆ ಬೇಕಾಗುವ ಸಮಯವೂ ಹೆಚ್ಚುತ್ತದೆ ಎಂಬುದನ್ನು ಬ್ರಿಟಿಷ್ ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲಿಯೇ ಪ್ರಯೋಗಗಳ ಮೂಲಕ ತೋರಿಸಿದ್ದರು. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸರಿಸುಮಾರು ಒಂದೇ ಪ್ರಮಾಣದ ಸಮಯ ಅದಕ್ಕೆ ಸೇರುತ್ತ ಹೋಗುತ್ತದೆ. ಹಿಕ್ ಅವರ ಪ್ರಯೋಗ ನಡೆದದ್ದು ದೀಪಗಳು ಮತ್ತು ಒತ್ತುಗುಂಡಿಗಳೊಂದಿಗೆ, ಶಾಂತವಾದ ಕೋಣೆಯೊಳಗೆ. ಅದನ್ನು ಬೀದಿಯ ಹಲ್ಲೆಗೆ ಅಕ್ಷರಶಃ ಅನ್ವಯಿಸಲಾಗದು. ದೀರ್ಘಕಾಲದ ಅಭ್ಯಾಸದಿಂದ ಈ ವಿಳಂಬ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದೂ ನಿಜ. ಹತ್ತು ವರ್ಷ ಕರಾಟೆಯನ್ನೋ ಜೂಡೋವನ್ನೋ ಕಲಿತವರಿಗೆ ನಲವತ್ತು ಪಟ್ಟುಗಳು ಭಾರವಾಗುವುದಿಲ್ಲ. ಆದರೆ ನನ್ನ ಬಳಿಗೆ ಬರುವವರು ಉದ್ಯೋಗ, ಮನೆ, ಮಕ್ಕಳು ಇವುಗಳ ನಡುವೆ ಹನ್ನೆರಡೋ ಹದಿನಾರೋ ಗಂಟೆಗಳನ್ನು ಹೊಂದಿಸಿಕೊಂಡು ಬರುವವರು.

ಈ ಪಾಠವನ್ನು ನನಗಿಂತ ಬಹಳ ಮೊದಲೇ ಕಲಿತವರಿದ್ದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಶಾಂಘೈ ನಗರದ ಪೊಲೀಸ್ ಪಡೆಯಲ್ಲಿದ್ದ ವಿಲಿಯಂ ಫೇರ್‌ಬೇರ್ನ್ ಜಪಾನಿನ ಕಾದಾಟದ ಕಲೆಯಾದ ಜುಜುತ್ಸುವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಅಷ್ಟು ಬಲ್ಲವರಾಗಿಯೂ, ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಮಾಂಡೊಗಳಿಗೆ ಕಲಿಸುವಾಗ ಅವರು ಮುಖ್ಯವಾಗಿ ನೆಚ್ಚಿಕೊಂಡದ್ದು ಅಂಗೈ ಬುಡದ ಹೊಡೆತ, ಅಂಗೈ ಅಂಚಿನ ಹೊಡೆತ, ಮೊಣಕಾಲಿನ ಹೊಡೆತಗಳಂಥ ಕೆಲವೇ ಸರಳ ಚಲನೆಗಳನ್ನು. ಯುವ ಸೈನಿಕರಿಗೇ ಅಷ್ಟು ಸಾಕೆನಿಸಿದ್ದಾಗ, ಮಂಡಿನೋವಿರುವ ಐವತ್ತರ ಪ್ರಾಯದವರಿಗೆ ನಲವತ್ತು ಪಟ್ಟುಗಳನ್ನು ಕಲಿಸಹೊರಟ ನನ್ನ ಉತ್ಸಾಹವನ್ನು ನೆನೆದರೆ ಇಂದಿಗೂ ಸಂಕೋಚವಾಗುತ್ತದೆ.

ಇಂದು ನನ್ನ ಪಟ್ಟಿಯಲ್ಲಿ ಆರೇ ಉಳಿದಿವೆ: ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಗಟ್ಟಿಯಾಗಿ ಮಾತನಾಡುವ ನಿಲುವು, ಅಂಗೈ ಬುಡದ ಹೊಡೆತ, ತೀರಾ ಹತ್ತಿರವಿದ್ದಾಗ ಮೊಣಕೈ ಮತ್ತು ಮೊಣಕಾಲಿನ ಬಳಕೆ, ಮಣಿಕಟ್ಟಿನ ಬಿಡುಗಡೆ, ಕತ್ತಿನ ಬಿಡುಗಡೆ, ಹಾಗೂ ಬೀಳುವುದು ಮತ್ತು ಏಳುವುದು.

ಮುಷ್ಟಿಯನ್ನು ಬಿಟ್ಟು ಅಂಗೈ ಬುಡವನ್ನು ಆರಿಸಿದ್ದಕ್ಕೆ ಕಾರಣ ಮೂಳೆಗಳ ರಚನೆಯಲ್ಲಿದೆ. ಅಭ್ಯಾಸವಿಲ್ಲದವರು ಮುಷ್ಟಿಯಿಂದ ತಲೆಗೆ ಹೊಡೆದರೆ ಕಿರುಬೆರಳಿನ ಬುಡದಲ್ಲಿ, ಅಂಗೈಯೊಳಗಿರುವ ಮೂಳೆ ಸುಲಭವಾಗಿ ಮುರಿಯುತ್ತದೆ. ವೈದ್ಯರು ಇದನ್ನು ಬಾಕ್ಸರ್ ಮುರಿತವೆಂದೇ ಕರೆಯುತ್ತಾರೆ. ಅಂಗೈ ಬುಡದಿಂದ ಮೂಗು ಅಥವಾ ಗದ್ದಕ್ಕೆ ಹೊಡೆಯುವುದು ಭಾರವಾದ ಬಾಗಿಲನ್ನು ತಳ್ಳುವ ಚಲನೆಗೆ ತೀರಾ ಹತ್ತಿರವಾಗಿರುವುದರಿಂದ ದೇಹಕ್ಕೆ ಅದನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಬೆರಳುಗಳ ಸಂದಿಯಲ್ಲಿ ಕೀಲಿಕೈಗಳನ್ನು ಸಿಕ್ಕಿಸಿಕೊಂಡು ಗುದ್ದುವ ಜನಪ್ರಿಯ ಸಲಹೆಯನ್ನು ನಾನು ಕೊಡುವುದಿಲ್ಲ, ಅದರಿಂದ ಮೊದಲು ಗಾಯವಾಗುವುದು ಹೊಡೆದವರ ಬೆರಳಿಗೇ.

ಮಣಿಕಟ್ಟಿನ ವಿಷಯದಲ್ಲಿ ಒಂದೇ ತತ್ತ್ವ ಸಾಕು. ಹಿಡಿತ ಯಾವ ಬಗೆಯದಾಗಿದ್ದರೂ ಹಿಡಿದವರ ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಸಂಧಿಸುವ ಕಡೆ ಅದು ದುರ್ಬಲವಾಗಿರುತ್ತದೆ. ಸಿಕ್ಕಿಬಿದ್ದ ಕೈಯನ್ನು ಹಿಂದಕ್ಕೆ ಎಳೆದರೆ ತೋಳಿಗೂ ತೋಳಿಗೂ ಹಗ್ಗಜಗ್ಗಾಟವಾಗಿ ಬಲಶಾಲಿಯೇ ಗೆಲ್ಲುತ್ತಾನೆ. ಮಣಿಕಟ್ಟಿನ ತೆಳುವಾದ ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಮೊಣಕೈಯನ್ನು ಎದುರಿನವರ ಕಡೆಗೆ ನುಗ್ಗಿಸಿದರೆ ಇಡೀ ದೇಹದ ಭಾರ ಅವರ ಒಂದು ಹೆಬ್ಬೆರಳಿನ ಮೇಲೆ ಬೀಳುತ್ತದೆ. ಹಿಂದೆ ನಾನು ಕಲಿಸುತ್ತಿದ್ದ ಒಂಬತ್ತು ಬಿಡುಗಡೆಗಳು ಈ ಒಂದರೊಳಗೆ ಅಡಗಿದ್ದವು. ಇದು ತಪ್ಪದೆ ಕೆಲಸ ಮಾಡುತ್ತದೆಂದು ಹೇಳಲಾರೆ. ಹಿಡಿದ ಮೊದಲ ಕ್ಷಣದಲ್ಲಿ ಮಾಡಿದರೆ ಬಹುತೇಕ ಆಗುತ್ತದೆ, ಎಳೆದಾಟ ಶುರುವಾದ ಮೇಲೆ ಹೊಡೆತದೊಂದಿಗೆ ಸೇರಿಸಿ ಮಾಡಬೇಕಾಗುತ್ತದೆ.

ಕತ್ತು ಹಿಸುಕುವುದನ್ನು ಎದುರಿಸುವ ಪಾಠಕ್ಕೆ ಉಳಿದ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಕತ್ತಿನ ಎರಡೂ ಬದಿಯ ಅಪಧಮನಿಗಳು ಸಂಪೂರ್ಣವಾಗಿ ಒತ್ತಲ್ಪಟ್ಟರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಇಲ್ಲಿ ಯೋಚಿಸುವುದಕ್ಕೆ ಅವಕಾಶವಿಲ್ಲ. ಗದ್ದವನ್ನು ಎದೆಗೆ ಒತ್ತಿ, ಎರಡೂ ಕೈಗಳನ್ನು ಕೊಕ್ಕೆಯಂತೆ ಮಾಡಿ ಹಿಸುಕುತ್ತಿರುವವರ ಹೆಬ್ಬೆರಳುಗಳ ಬಳಿ ಸಿಕ್ಕಿಸಿ ಕೆಳಕ್ಕೆ ಕಿತ್ತು, ಅದೇ ಉಸಿರಿನಲ್ಲಿ ಪಕ್ಕಕ್ಕೆ ಹೊರಳಬೇಕು. ಇದಕ್ಕೆ ಸೇರಿದ ಇನ್ನೊಂದು ವಿಷಯವನ್ನು ತರಬೇತುದಾರರು ಹಲವು ಬಾರಿ ಹೇಳದೆ ಬಿಡುತ್ತಾರೆ: ಕತ್ತು ಹಿಸುಕಲ್ಪಟ್ಟವರು, ಹೊರಗೆ ಒಂದು ಗೆರೆಯೂ ಕಾಣದಿದ್ದರೂ, ಅಂದೇ ವೈದ್ಯರನ್ನು ಕಾಣಬೇಕು. ರಕ್ತನಾಳದ ಒಳಪದರದ ಗಾಯವಾಗಲಿ ಗಂಟಲಿನ ಊತವಾಗಲಿ ತಡವಾಗಿ ತೋರಿಕೊಳ್ಳಬಹುದು.

ಬೀಳುವುದನ್ನು ಕಲಿಸಲು ಆರಂಭಿಸಿದ್ದು ಹಿರಿಯ ಶಿಬಿರಾರ್ಥಿಗಳಿಗಾಗಿ. ತಲೆಯ ಹಿಂಭಾಗ ನೆಲಕ್ಕೆ ಬಡಿಯದಂತೆ ಗದ್ದವನ್ನು ಒಳಕ್ಕೆಳೆಯುವುದು, ಮುರಿಯುವಂತೆ ಕೈಯನ್ನು ನೇರವಾಗಿ ಊರದಿರುವುದು, ಕೆಳಗೆ ಬಿದ್ದಾಗ ಕಾಲುಗಳನ್ನು ಎದುರಾಳಿಯ ಕಡೆಗಿಟ್ಟು ಏಳುವುದು, ಇಷ್ಟೇ ಆ ಪಾಠ. ನನ್ನ ಶಿಬಿರಗಳಲ್ಲಿ ಕಲಿತದ್ದರ ಪೈಕಿ ನಿತ್ಯಜೀವನದಲ್ಲಿ ನಿಜವಾಗಿ ಬಳಕೆಗೆ ಬಂದದ್ದು ಇದೊಂದೇ ಎಂದು ಹೇಳಿದವರು ಅನೇಕರು, ಅದೂ ಒದ್ದೆ ನೆಲದ ಮೇಲೆ ಜಾರಿದಾಗ.

ಚಾಕು ಕಸಿಯುವ ವರಸೆಗಳನ್ನು ಪೂರ್ತಿಯಾಗಿ ಕೈಬಿಟ್ಟೆ. 1983ರಲ್ಲಿ ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್, ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸಬಲ್ಲ ಎಂದು ಬರೆದಿದ್ದರು. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡ ಪೊಲೀಸರಿಗೇ ಅದು ಎಚ್ಚರಿಕೆಯಾಗಿತ್ತು. ಬರಿಗೈಯಲ್ಲಿ ಚಾಕು ಕಸಿದು ತೋರಿಸುವ ಪ್ರದರ್ಶನದಲ್ಲಿ ಎದುರಾಳಿ ಒಂದೇ ಬಾರಿ ಚಾಚಿ, ಕೈಯನ್ನು ಗಾಳಿಯಲ್ಲಿ ಹಾಗೆಯೇ ನಿಲ್ಲಿಸುತ್ತಾನೆ. ಬೀದಿಯಲ್ಲಿ ಯಾರೂ ಹಾಗೆ ಉಪಕಾರ ಮಾಡುವುದಿಲ್ಲ. ಕೇಳಿದ ವಸ್ತುವನ್ನು ದೂರಕ್ಕೆ ಎಸೆದು ವಿರುದ್ಧ ದಿಕ್ಕಿಗೆ ಓಡುವುದು, ನಡುವೆ ಒಂದು ವಾಹನವನ್ನೋ ಮೇಜನ್ನೋ ಅಡ್ಡವಾಗಿ ಇರಿಸಿಕೊಳ್ಳುವುದು, ಇವೆರಡನ್ನೇ ಹೇಳಿಕೊಡುತ್ತೇನೆ.

ಹೀಗೆ ಉಳಿದ ಸಮಯವನ್ನೆಲ್ಲ ನಾನು ಕೊಟ್ಟದ್ದು ಪಟ್ಟು ಹಾಕುವುದಕ್ಕಿಂತ ಮುಂಚಿನ ಕ್ಷಣಕ್ಕೆ. ಹಲ್ಲೆಗೊಳಗಾದವರ ಮಾತುಗಳನ್ನು ವರ್ಷಗಳಿಂದ ಕೇಳುತ್ತ ಬಂದ ನನಗೆ, ಅವರಿಗೆ ಪಟ್ಟು ಗೊತ್ತಿರಲಿಲ್ಲವೆಂಬುದಕ್ಕಿಂತ, ಏನೋ ಸರಿಯಿಲ್ಲವೆಂದು ಅನ್ನಿಸಿದಾಗ ಅದನ್ನು ಬಾಯಿಬಿಟ್ಟು ಹೇಳಲು ತಮಗೆ ಹಕ್ಕಿದೆಯೆಂದು ಅನ್ನಿಸಿರಲಿಲ್ಲ ಎಂಬುದೇ ಹೆಚ್ಚು ಕಾಣಿಸುತ್ತದೆ. ಎದುರಿನವರು ಪರಿಚಿತರಾಗಿದ್ದರಂತೂ ಈ ಸಂಕೋಚ ಇಮ್ಮಡಿಸುತ್ತದೆ. ವಿಶ್ವದ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಬದುಕಿನಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತು. ಅದರಲ್ಲಿ ಬಹುಪಾಲು ಸಂಗಾತಿಯಿಂದಲೇ ಆದದ್ದು. ಕತ್ತಲ ಓಣಿಯ ಅಪರಿಚಿತನನ್ನಷ್ಟೇ ಕಲ್ಪಿಸಿಕೊಂಡು ರೂಪಿಸಿದ ತರಬೇತಿ ಈ ವಾಸ್ತವವನ್ನು ಮುಟ್ಟುವುದೇ ಇಲ್ಲ.

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರನ್ನು ಒಳಗೊಂಡು ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದೃಷ್ಟಿಯಿಂದ ಮುಖ್ಯವಾದುದು. ಹನ್ನೆರಡು ಗಂಟೆಗಳ ತರಬೇತಿ ಪಡೆದವರಲ್ಲಿ ಮುಂದಿನ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇ. 5.2ರಷ್ಟಿದ್ದರೆ, ಕೇವಲ ಮಾಹಿತಿ ಪತ್ರಗಳನ್ನು ಪಡೆದವರಲ್ಲಿ ಅದು ಶೇ. 9.8ರಷ್ಟಿತ್ತು. ಆ ಹನ್ನೆರಡು ಗಂಟೆಗಳಲ್ಲಿ ದೈಹಿಕ ಪಟ್ಟುಗಳಿಗೆ ಸಂದದ್ದು ಒಂದು ಭಾಗ ಮಾತ್ರ. ಮಿಕ್ಕದ್ದು ಪರಿಚಿತರಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದಕ್ಕೆ, ಅದನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುವುದನ್ನು ದಾಟುವುದಕ್ಕೆ, ತನಗೆ ಏನು ಬೇಕು ಏನು ಬೇಡ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದಕ್ಕೆ ಮೀಸಲಾಗಿತ್ತು.

ನನ್ನ ತರಗತಿಯಲ್ಲಿ ಈ ಅಭ್ಯಾಸ ಮಾತಿನಿಂದ ಶುರುವಾಗುತ್ತದೆ. ಒಬ್ಬರು ನಿಧಾನವಾಗಿ ಹತ್ತಿರ ಬರುತ್ತಾರೆ, ಇನ್ನೊಬ್ಬರು ಅವರನ್ನು ತಡೆಯಬೇಕು. ಮೊದಲ ಸುತ್ತಿನಲ್ಲಿ ಬಹುತೇಕ ಎಲ್ಲರೂ ನಗುತ್ತಾರೆ, "ಸ್ವಲ್ಪ ಹಿಂದೆ ಸರಿಯುತ್ತೀರಾ?" ಎಂದು ಕೇಳುತ್ತಾರೆ. ಎರಡನೆಯ ಸುತ್ತಿನಲ್ಲಿ ಗಟ್ಟಿಯಾಗಿ ಹೇಳಿ ಎಂದರೆ ಕೂಡಲೇ ಏಕವಚನಕ್ಕೆ ಇಳಿದು ಬೈಯುತ್ತಾರೆ. ಇವೆರಡರ ನಡುವೆ ಒಂದು ದಾರಿಯಿದೆ: ಬಹುವಚನವನ್ನು ಬಿಡಬೇಕಾಗಿಲ್ಲ, ಪ್ರಶ್ನೆಯನ್ನು ಬಿಡಬೇಕು. "ಅಲ್ಲೇ ನಿಲ್ಲಿ." "ಮಾವ, ಕೈ ತೆಗೆಯಿರಿ." ಮಾವ ಎಂಬ ಸಂಬೋಧನೆಯಲ್ಲಿ ಸಂಬಂಧ ಉಳಿಯುತ್ತದೆ, ತೆಗೆಯಿರಿ ಎಂಬ ಕ್ರಿಯಾಪದದಲ್ಲಿ ಚೌಕಾಸಿಗೆ ಜಾಗವಿರುವುದಿಲ್ಲ. ಹಿರಿಯರ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲದವರಿಗೆ ಈ ಎರಡು ಪದಗಳನ್ನು ಸ್ಥಿರವಾದ ದನಿಯಲ್ಲಿ ಹೇಳುವುದು ಪ್ಯಾಡಿಗೆ ನೂರು ಬಾರಿ ಹೊಡೆಯುವುದಕ್ಕಿಂತ ಕಷ್ಟವೆನಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಪರಿಚಿತರ ಎದುರಿನಲ್ಲಿ ಬಹುವಚನಕ್ಕೆ ಇನ್ನೊಂದು ಉಪಯೋಗವೂ ಇದೆ. 1976ರಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಅಮೆರಿಕದ ಸಂಶೋಧಕರು ಗಂಡಸೊಬ್ಬ ಹೆಂಗಸಿನ ಮೇಲೆ ಕೈಮಾಡುವ ನಟನೆಯ ದೃಶ್ಯವನ್ನು ಏರ್ಪಡಿಸಿದರು. ಆತ ಯಾರೆಂದೇ ತನಗೆ ಗೊತ್ತಿಲ್ಲವೆಂದು ಆಕೆ ಕೂಗಿದಾಗ ನೋಡುತ್ತಿದ್ದವರಲ್ಲಿ ಶೇ. 65ರಷ್ಟು ಮಂದಿ ಮಧ್ಯೆ ಪ್ರವೇಶಿಸಿದರು. ಇವನನ್ನು ಏಕಾದರೂ ಮದುವೆಯಾದೆನೋ ಎಂದು ಕೂಗಿದಾಗ ಹಾಗೆ ಮಾಡಿದವರು ಶೇ. 19ರಷ್ಟು ಮಾತ್ರ. ಏಕವಚನದ ಜಗಳ ನೋಡುಗರಿಗೆ ಮನೆಯ ಜಗಳದಂತೆ ಕೇಳಿಸುತ್ತದೆ ಎಂಬುದು ನನ್ನ ಅನಿಸಿಕೆ. ಆದ್ದರಿಂದ "ನೀವು ಯಾರು ಅಂತ ನನಗೆ ಗೊತ್ತಿಲ್ಲ, ಕೈ ಬಿಡಿ" ಎಂಬ ವಾಕ್ಯವನ್ನೇ, ಅದೇ ಪದಗಳಲ್ಲಿ, ಕೂಗಿ ಅಭ್ಯಾಸ ಮಾಡಿಸುತ್ತೇನೆ. ಕೂಗುವುದರಿಂದ ಹಿಡಿದಿಟ್ಟ ಉಸಿರು ಹೊರಬರುತ್ತದೆಂಬುದು ಇದರ ಇನ್ನೊಂದು ಲಾಭ.

ಇಷ್ಟೆಲ್ಲ ಅಭ್ಯಾಸವಿದ್ದರೂ ದೇಹ ಕಲ್ಲಾಗಬಹುದು. ಅತ್ಯಾಚಾರದ ನಂತರ ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 70ರಷ್ಟು ಮಂದಿ ಘಟನೆಯ ವೇಳೆ ಚಲಿಸಲಾಗದ ಸ್ತಬ್ಧತೆಯನ್ನು ಗಣನೀಯ ಪ್ರಮಾಣದಲ್ಲಿ ಅನುಭವಿಸಿದ್ದರು. ಇದು ಇಚ್ಛೆಗೆ ಒಳಪಡದ ಪ್ರತಿಕ್ರಿಯೆ. "ತರಬೇತಿ ಪಡೆದೂ ಏಕೆ ಏನೂ ಮಾಡಲಿಲ್ಲ?" ಎಂಬ ಪ್ರಶ್ನೆಯನ್ನು ಯಾರಾದರೂ ಮುಂದೆ ಕೇಳಬಹುದು, ಸ್ವತಃ ಶಿಬಿರಾರ್ಥಿಗಳೇ ತಮ್ಮನ್ನು ಕೇಳಿಕೊಳ್ಳಬಹುದು, ಅದಕ್ಕಾಗಿ ಈ ವಿಷಯವನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಅಭ್ಯಾಸದ ಕ್ರಮವನ್ನೂ ಬದಲಾಯಿಸಿದ್ದೇನೆ. ಒಂದೇ ಪಟ್ಟನ್ನು ಐವತ್ತು ಸಲ ಮಾಡಿ ಮುಂದಿನದಕ್ಕೆ ಹೋಗುವ ಹಳೆಯ ಕ್ರಮದಲ್ಲಿ ಕಲಿತವರಿಗೂ ಕಲಿಸಿದವರಿಗೂ ತೃಪ್ತಿಯಾಗುತ್ತದೆ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ತೋರಿಸಿದಂತೆ, ಚಲನೆಗಳನ್ನು ಕಲಸಿ ಅನುಕ್ರಮವಿಲ್ಲದೆ ಅಭ್ಯಾಸ ಮಾಡಿದವರು ಆ ಹೊತ್ತಿಗೆ ಹೆಚ್ಚು ತಪ್ಪುತ್ತಾರೆ, ಆದರೆ ದಿನಗಳು ಕಳೆದ ಮೇಲೆ ಹೆಚ್ಚು ನೆನಪಿಟ್ಟುಕೊಂಡಿರುತ್ತಾರೆ. ಈಗ ಹೆಲ್ಮೆಟ್ ಮತ್ತು ದಪ್ಪ ಪ್ಯಾಡ್ ತೊಟ್ಟ ಸಹಾಯಕರು, ಕಣ್ಣು ಮುಚ್ಚಿ ನಿಂತವರ ಬಳಿ ಯಾವ ಕಡೆಯಿಂದ ಬೇಕಾದರೂ ಬರುತ್ತಾರೆ; ಕೆಲವೊಮ್ಮೆ ಹಿಡಿಯುತ್ತಾರೆ, ಕೆಲವೊಮ್ಮೆ ಕೇವಲ ದಾರಿ ಕೇಳಿ ಹೋಗುತ್ತಾರೆ. ದಾರಿ ಕೇಳಿದವರಿಗೆ ಹೊಡೆಯದಿರುವುದೂ ಪಾಠದ ಭಾಗವೇ, ಏಕೆಂದರೆ ಕಾನೂನು ಒಪ್ಪುವುದು ಅಪಾಯಕ್ಕೆ ತಕ್ಕಷ್ಟು ಬಲವನ್ನು, ಅದೂ ಅಪಾಯ ಇರುವವರೆಗೆ.

ಕೊನೆಯ ದಿನದ ಪರೀಕ್ಷೆ ಹೊಡೆತದೊಂದಿಗೆ ಮುಗಿಯುವುದಿಲ್ಲ. ಬಿಡಿಸಿಕೊಂಡವರು ಕೋಣೆಯನ್ನು ದಾಟಿ, ಬಾಗಿಲು ತೆರೆದು, ಹೊರಗೆ ನಿಂತವರಿಗೆ ಏನಾಯಿತೆಂದು ಎರಡು ವಾಕ್ಯಗಳಲ್ಲಿ ಹೇಳಬೇಕು. ಮೂರನೆಯದೋ ಐದನೆಯದೋ ಎಂದು ಕೇಳಿದ್ದ ಆ ಮಹಿಳೆ ಮತ್ತೊಮ್ಮೆ ಶಿಬಿರಕ್ಕೆ ಸೇರಿ, ಈ ಬಾರಿ ಕಣ್ಣು ತೆರೆಯುವ ಮೊದಲೇ ಕೈ ಬಿಡಿಸಿಕೊಂಡು ಬಾಗಿಲವರೆಗೂ ಓಡಿದರು. ಅಲ್ಲಿ ನಿಂತು ಹಿಂದಿರುಗಿ ನೋಡಿ, ಪ್ಯಾಡ್ ತೊಟ್ಟವರಿಗೆ "ಪೆಟ್ಟಾಯಿತೇ?" ಎಂದು ವಿಚಾರಿಸಿದರು. ಮತ್ತೆ ಮೊದಲಿನಿಂದ ಮಾಡಿಸಿದೆ.